ಸ್ಮಾರಕ ಮತ್ತು ಸ್ಥಳ: ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಹಳೆಯ ಕಟ್ಟಡಗಳನ್ನು ಕುರಿತು

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಕಪಿಲಾ ಕಾವೇರಿಗಳ ನೀರಿನಿಂದ ಬೆಳೆದ ಸೀಮೆ. ಗಂಗರ ರಾಜಧಾನಿಯಾಗಿದ್ದ ತಲಕಾಡು, ಹೊಯ್ಸಳ ಶಿಲ್ಪಕ್ಕೆ ಹೆಸರಾದ ಸೋಮನಾಥಪುರ, ಶೈವರ ಮಹಾಕ್ಷೇತ್ರವಾದ ನಂಜನಗೂಡು, ದಳವಾಯಿಗಳ ಮೂಲಸ್ಥಾನವಾದ ಕಳಲೆ, ಎಲ್ಲವೂ ಈ ಎರಡು ತಾಲ್ಲೂಕುಗಳೊಳಗೆ ಅಡಕವಾಗಿವೆ. ಇಲ್ಲಿಯ ಶಾಸನಗಳನ್ನು ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ 1894ರಷ್ಟು ಹಿಂದೆಯೇ ಪ್ರಕಟಿಸಿದರು. ಆದುದರಿಂದ ಸಾಮಗ್ರಿಗೆ ಕೊರತೆಯಿಲ್ಲ. ಕೊರತೆಯಿರುವುದು ಅದಕ್ಕೆ ಬೆಲೆ ಕಟ್ಟುವ ನಮ್ಮ ಕ್ರಮದಲ್ಲಿ. ಆ ಕ್ರಮವನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸೋಮನಾಥಪುರವನ್ನು ನೋಡೋಣ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕ್ರಿ.ಶ. 1258ರಲ್ಲಿ ಇಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠಾಪಿಸಿದನು. ತ್ರಿಕೂಟದ ಯೋಜನೆ, ನಕ್ಷತ್ರಾಕಾರದ ಜಗತಿ, ಬಳಪದ ಕಲ್ಲಿನ ಭಿತ್ತಿಯ ಮೇಲಿನ ಮೂರ್ತಿಸಮುದಾಯ, ಮಲ್ಲಿತಮ್ಮನೇ ಮೊದಲಾದ ರೂವಾರಿಗಳ ಅಂಕಿತಗಳು, ಇವೆಲ್ಲ ವಿದ್ವಾಂಸರಿಗೆ ಸುಪರಿಚಿತ. ಫರ್ಗುಸನ್ ಈ ಗುಡಿಯನ್ನು ತನ್ನ ವಾಸ್ತುಚರಿತ್ರೆಯಲ್ಲಿ ಕೊಂಡಾಡಿದನು; ಆರ್. ನರಸಿಂಹಾಚಾರ್ಯರು 1917ರಲ್ಲಿ ಇದೊಂದನ್ನೇ ಕುರಿತು ಗ್ರಂಥ ರಚಿಸಿದರು. 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ಇದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈ ಕೀರ್ತಿ ನ್ಯಾಯವಾದುದೇ. ಅದನ್ನು ಕುಂದಿಸುವ ಆಶಯ ನಮಗಿಲ್ಲ.

ಆದರೆ ಸೋಮನಾಥನು ಸ್ಥಾಪಿಸಿದ್ದು ಗುಡಿಯೊಂದನ್ನು ಮಾತ್ರವಲ್ಲ, ಒಂದು ಅಗ್ರಹಾರವನ್ನು. ಊರಿಗೆ ತನ್ನ ಹೆಸರನ್ನೇ ಇಟ್ಟು, ವಿದ್ವಾಂಸರನ್ನು ನೆಲೆಗೊಳಿಸಿ, ಅವರ ಜೀವನಕ್ಕೆ ಭೂಮಿ ಬಿಟ್ಟು, ಆ ಸಮಗ್ರ ಯೋಜನೆಯ ಒಂದಂಗವಾಗಿ ಕೇಶವನ ಗುಡಿಯನ್ನು ಕಟ್ಟಿಸಿದನು. ಅದೇ ಊರಿನಲ್ಲಿ ತನ್ನ ಹಿರಿಯರ ಮತ್ತು ಬಂಧುಗಳ ಹೆಸರಿನಲ್ಲಿ ಲಿಂಗಗಳನ್ನು ಸ್ಥಾಪಿಸಿ ಪಂಚಲಿಂಗ ದೇವಾಲಯವನ್ನೂ ಕಟ್ಟಿಸಿದನು. ಅದು ಕಣಶಿಲೆಯ ನಿರಾಡಂಬರ ಕಟ್ಟಡ. ಒಬ್ಬನೇ ಕಾರಯಿತ, ಒಂದೇ ಊರು, ಒಂದೇ ಕಾಲ. ಆದರೂ ಕೇಶವಾಲಯಕ್ಕೆ ಬಂದ ಸಾವಿರ ಮಂದಿಯಲ್ಲಿ ಹತ್ತು ಮಂದಿಯಾದರೂ ಪಂಚಲಿಂಗದ ಕಡೆಗೆ ಹೋಗುತ್ತಾರೆಂದು ಹೇಳಲಾರೆವು. ನಮ್ಮ ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. ಶಿಲ್ಪದ ಸೂಕ್ಷ್ಮತೆಯೊಂದೇ ಅಳತೆಗೋಲಾದರೆ ಈ ಅನಾದರ ಸಹಜ. ಹೊಯ್ಸಳರ ಕಾಲದಲ್ಲಿ ಒಂದು ಊರು ಹೇಗೆ ಹುಟ್ಟುತ್ತಿತ್ತು ಎಂಬುದು ಪ್ರಶ್ನೆಯಾದರೆ ಈ ಎರಡು ಗುಡಿಗಳನ್ನೂ ಶಾಸನವನ್ನೂ ಒಟ್ಟಿಗೆ ಓದದೆ ಉತ್ತರ ದೊರೆಯದು.

ಇನ್ನು ನಂಜನಗೂಡು. ಶ್ರೀಕಂಠೇಶ್ವರ ದೇವಾಲಯದ ಉದ್ದ 385 ಅಡಿ, ಅಗಲ 160 ಅಡಿ, ಕಂಬಗಳು 147 ಎಂದು ಗ್ಯಾಸೆಟಿಯರುಗಳ ಲೆಕ್ಕ. ಪ್ರಾಚೀನವಾದ ಚಿಕ್ಕ ಗರ್ಭಗೃಹದ ಸುತ್ತ ಶತಮಾನಗಳುದ್ದಕ್ಕೂ ಕಟ್ಟಡ ಬೆಳೆದಿದೆ. ಎದುರಿಗಿರುವ ಮಹಾಗೋಪುರವು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರ ಕಾಲದ್ದು, ಎಂದರೆ 19ನೆಯ ಶತಮಾನದ್ದು. ನಮ್ಮ ವಾಸ್ತುಚರಿತ್ರೆಗಳಲ್ಲಿ ಈ ದೇವಾಲಯಕ್ಕೆ ದೊರೆಯುವ ಸ್ಥಳ ಅತ್ಯಲ್ಪ. ಕಾರಣ ಸ್ಪಷ್ಟ: ಇದು ಒಂದು ಕಾಲದ್ದಲ್ಲ, ಒಂದು ಶೈಲಿಯದಲ್ಲ, ಆದುದರಿಂದ ಶುದ್ಧವಲ್ಲ ಎಂಬ ಭಾವನೆ. ಆದರೆ ಈ ‘ಶುದ್ಧಿ’ಯೆಂಬ ಅಳತೆಗೋಲು ಎಲ್ಲಿಂದ ಬಂದಿತು? ಶೈಲಿಗಳನ್ನು ವಂಶಾವಳಿಯಂತೆ ವಿಂಗಡಿಸಿದ 19ನೆಯ ಶತಮಾನದ ಪಾಶ್ಚಾತ್ಯ ಇತಿಹಾಸಕಾರರಿಂದ. ಬೆಳೆದ ಕಟ್ಟಡವನ್ನು ಬೆರಕೆಯ ಕಟ್ಟಡವೆಂದು ಕಾಣುವುದು ಅವರಿಂದ ನಾವು ಪಡೆದ ಅಭ್ಯಾಸ.

ನಂಜನಗೂಡನ್ನು ಬೆಳವಣಿಗೆಯ ದೃಷ್ಟಿಯಿಂದ ನೋಡಿದರೆ ಚಿತ್ರವೇ ಬೇರೆ. ಗುಡಿಯಿಂದ ರಥಬೀದಿಯನ್ನು ಬೇರ್ಪಡಿಸಲಾಗದು. ದೊಡ್ಡಜಾತ್ರೆಯಲ್ಲಿ ಐದು ರಥಗಳು ಸಾಗುತ್ತವೆ. ಸ್ವಾಮಿಯ ದೊಡ್ಡ ರಥವು ತಿರುಗಬೇಕಾದ ಮೂಲೆ, ಅದು ನಿಲ್ಲಬೇಕಾದ ಎಡೆ, ಜನ ನಿಂತು ನೋಡಬೇಕಾದ ಜಗಲಿ, ಇವು ಬೀದಿಯ ಆಕಾರವನ್ನು ನಿರ್ಣಯಿಸುತ್ತವೆ. ಹೊಳೆಯ ಸೋಪಾನ, ಛತ್ರ, ಮಠ, ಮಂಟಪಗಳೂ ಈ ರಚನೆಯ ಅಂಗಗಳೇ. ರಥಬೀದಿಯನ್ನು ಒತ್ತರಿಸಿ ಗೋಪುರವನ್ನು ಉಳಿಸಿಕೊಂಡರೆ ಉಳಿಯುವುದು ಗೋಪುರವೇ ಹೊರತು ಕ್ಷೇತ್ರವಲ್ಲ.

ಇಲ್ಲಿಯ ಕಪಿಲೆಯ ಹಳೆಯ ಸೇತುವೆ ಇನ್ನೊಂದು ಪಾಠವನ್ನು ಹೇಳುತ್ತದೆ. ಕಳಲೆಯ ಮನೆತನದ ದಳವಾಯಿ ದೇವರಾಜಯ್ಯನು 1735ರಲ್ಲಿ ಕಟ್ಟಿಸಿದ ಈ ಸೇತುವೆಯ ಮೇಲೆ ಮುಂದೆ ಹಳಿಗಳನ್ನೂ ಹಾಸಿದರು. ಮೀಟರ್ ಗೇಜ್ ಇರುವವರೆಗೆ ರೈಲು ಅದರ ಮೇಲೆಯೇ ಓಡಿತು. 21ನೆಯ ಶತಮಾನದ ಮೊದಲ ದಶಕದಲ್ಲಿ ಹಳಿಯನ್ನು ಅಗಲಿಸಿದಾಗ ಅದರ ಕೆಲಸ ಮುಗಿಯಿತು. ಅನಂತರ ಅದು ಪರಂಪರೆಯೆನಿಸಿತು. ಸೋಮನಾಥಪುರದಲ್ಲಿಯೂ ಪೂಜೆ ನಿಂತ ಗುಡಿಯೇ ಸ್ಮಾರಕವಾಗಿದೆ. ನಾವು ಕಟ್ಟಡವನ್ನು ಗೌರವಿಸಲು ತೊಡಗುವುದು ಅದರ ಉಪಯೋಗ ನಿಂತ ಮೇಲೆ; ಉಪಯೋಗದಲ್ಲಿರುವ ಕಟ್ಟಡ ನಮ್ಮ ವಿಮರ್ಶೆಗೆ ವಿಷಯವೇ ಆಗುವುದಿಲ್ಲ. ಈ ಪದ್ಧತಿಯಿಂದ ಜೀವಂತ ಕ್ಷೇತ್ರಗಳಿಗೆ ಎರಡು ಬಗೆಯ ನಷ್ಟ. ಬದಲಾವಣೆಯಾಗುವಾಗ ಅದನ್ನು ತೂಗಿ ನೋಡುವ ವಿದ್ವಾಂಸರಿರುವುದಿಲ್ಲ; ಬದಲಾದುದನ್ನು ಗುರುತಿಸಿಡುವ ಬರೆಹವೂ ಇರುವುದಿಲ್ಲ.

ತಲಕಾಡು ಇದಕ್ಕೆ ವಿರುದ್ಧವಾದ ನಿದರ್ಶನ. ಗಂಗರ ಬಳಿಕ ಚೋಳರ ವಶವಾಗಿ ರಾಜರಾಜಪುರವೆನಿಸಿದ ಈ ನಗರವನ್ನು ವಿಷ್ಣುವರ್ಧನನು ಗೆದ್ದು ‘ತಲಕಾಡುಗೊಂಡ’ನಾದನು, ಆ ವಿಜಯದ ನೆನಪಿಗೆ ಕೀರ್ತಿನಾರಾಯಣನನ್ನು ಪ್ರತಿಷ್ಠಾಪಿಸಿದನು. ಇಂದು ಅಲ್ಲಿ ಮರಳಿನಿಂದ ಬಿಡಿಸಿಕೊಂಡ ಗುಡಿಗಳಿವೆ, ಹಳೆಯ ನಗರ ಕಾಣದು. ಅಲಮೇಲಮ್ಮನ ಶಾಪದ ಕಥೆಯನ್ನು ಜನ ಹೇಳುತ್ತಾರೆ. ಮಾಧವಮಂತ್ರಿಯ ಅಣೆಕಟ್ಟಿನಿಂದ ನದಿಯ ಪಾತ್ರ ಮಾರ್ಪಟ್ಟು ಮರಳು ಮೇಲೆದ್ದಿತೆಂದು ಸಂಶೋಧಕರು ಊಹಿಸಿದ್ದಾರೆ. ಕಾರಣ ಯಾವುದೇ ಇರಲಿ, ಊರು ಹೋದ ಮೇಲೆ ಗುಡಿಗಳು ಎಷ್ಟು ಒಂಟಿಯಾಗುತ್ತವೆಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ತಲಕಾಡಿನಲ್ಲಿ ಮರಳು ಮಾಡಿದ ಕೆಲಸವನ್ನು ಬೇರೆಡೆಗಳಲ್ಲಿ ನಮ್ಮ ಅಲಕ್ಷ್ಯವೇ ಮಾಡಬಲ್ಲುದು.

ಇಲ್ಲಿ ಒಂದು ಆಕ್ಷೇಪಣೆಯುಂಟು. ಹಳೆಯದೆಲ್ಲವನ್ನೂ ಉಳಿಸುವುದೆಂದರೆ ಬದುಕುವ ಜನರನ್ನು ವಸ್ತುಸಂಗ್ರಹಾಲಯದಲ್ಲಿ ಇರಿಸಿದಂತಾಗದೆ? ಆಕ್ಷೇಪಣೆ ಯುಕ್ತವಾದುದು. ಸೋರುವ ಮನೆಯಲ್ಲಿ ಇರಿ ಎಂದು ಯಾರಿಗೂ ಹೇಳುವ ಅಧಿಕಾರ ನಮಗಿಲ್ಲ. ಅಲ್ಲದೆ, ಸೇರ್ಪಡೆಗಳಿಂದಲೇ ಬೆಳೆದ ನಂಜನಗೂಡಿನ ದೇವಾಲಯಕ್ಕೆ ಇನ್ನು ಬದಲಾಗಬೇಡವೆಂದು ವಿಧಿಸುವುದು ಅದರ ಚರಿತ್ರೆಗೇ ವಿರುದ್ಧ. ನಾವು ಕೇಳುವುದು ಎಲ್ಲದರ ರಕ್ಷಣೆಯನ್ನಲ್ಲ. ತಿಳಿದು ಮಾಡುವ ಆಯ್ಕೆಯನ್ನು. ತಿಳಿಯಬೇಕಾದರೆ ಮೊದಲು ದಾಖಲೆ ಬೇಕು. ಕಳಲೆಯ, ಸೋಸಲೆಯ, ಮೂಡಲ ಕಪಿಲಾತೀರದ ಹಳ್ಳಿಗಳ ಬೀದಿ, ಮಂಟಪ, ಕಟ್ಟೆ, ತೊಟ್ಟಿಯ ಮನೆಗಳನ್ನು ಅಳೆದು ನಕ್ಷೆ ಬರೆದು, ಶಾಸನಗಳೊಡನೆ ಹೋಲಿಸುವ ಕೆಲಸಕ್ಕೆ ದೊಡ್ಡ ಧನವೇನೂ ಬೇಕಾಗಿಲ್ಲ. ಕಾಲೇಜಿನ ಒಂದು ತರಗತಿ ಒಂದು ವರ್ಷಕ್ಕೆ ಒಂದು ಊರನ್ನು ವಹಿಸಿಕೊಂಡರೆ ಸಾಕು.

ತಿರುಮಕೂಡಲಿನ ಸಂಗಮದಲ್ಲಿ ಗುಂಜಾನರಸಿಂಹಸ್ವಾಮಿಯ ಗುಡಿಯಿದೆ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಅಲ್ಲಿಯ ಐತಿಹ್ಯ. ಈ ಮಾತಿನ ಸತ್ಯಾಸತ್ಯತೆ ನಮ್ಮ ವಿಷಯವಲ್ಲ. ಆದರೆ ತಮ್ಮ ಊರನ್ನು ತಾವೇ ತಕ್ಕಡಿಯಲ್ಲಿಟ್ಟು ತೂಗುವ ಧೈರ್ಯ ಆ ಜನಕ್ಕಿತ್ತು. ಪರರ ತೂಕದ ಕಲ್ಲುಗಳನ್ನೇ ಇದುವರೆಗೆ ನೆಚ್ಚಿಕೊಂಡಿರುವ ನಮ್ಮ ವಿಮರ್ಶೆಗೆ ಆ ಧೈರ್ಯ ಬರಬೇಕಾಗಿದೆ.