ಚಂದ್ರಗುತ್ತಿಯ ದಾರಿ ಯಾರದು?

ನಮ್ಮ ಪತ್ರಿಕೆಗಳಲ್ಲಿ ಬರುವ ಯಾತ್ರಾಪ್ರಬಂಧಗಳಿಗೆ ಒಂದು ಅಚ್ಚು ಸಿದ್ಧವಾಗಿಬಿಟ್ಟಿದೆ. ಲೇಖಕರು ಸಿಕ್ಕಿಮಿನಲ್ಲೋ ಲಡಾಖಿನಲ್ಲೋ ಬೆಟ್ಟದ ಮೇಲಿನ ಬೌದ್ಧವಿಹಾರವೊಂದಕ್ಕೆ ನಡೆದುಹೋಗುತ್ತಾರೆ. ಕಾಲು ನೋಯುತ್ತದೆ, ಮಂಜು ಕವಿಯುತ್ತದೆ, ಗಂಟೆಯ ದನಿ ಕೇಳುತ್ತದೆ, ಮನಸ್ಸಿಗೆ ಶಾಂತಿ ದೊರೆಯುತ್ತದೆ. ಆ ದಾರಿಯಲ್ಲಿ ನಿತ್ಯ ನಡೆಯುವವರು ಯಾರು, ವಿಹಾರದವರ ಅನ್ನಕ್ಕೆ ಯಾವ ಊರಿನ ಗದ್ದೆ ಆಧಾರ ಎಂಬುದು ಪ್ರಬಂಧ ಮುಗಿದರೂ ತಿಳಿಯುವುದಿಲ್ಲ. ಇದನ್ನು ಟೀಕಿಸುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಇಂಥದೊಂದು ಪ್ರಬಂಧವನ್ನು ನಾನೂ ಬರೆದಿದ್ದೇನೆ.

ಅದರ ವಸ್ತು ಸೊರಬ ತಾಲ್ಲೂಕಿನ ಚಂದ್ರಗುತ್ತಿ. ಬೆಟ್ಟದ ಗುಹೆಯಲ್ಲಿ ರೇಣುಕಾಂಬೆ, ನೆತ್ತಿಯಲ್ಲಿ ಕೋಟೆಯ ಅವಶೇಷ. ವಿದ್ಯಾರ್ಥಿಗಳೊಡನೆ ಮೆಟ್ಟಿಲು ಹತ್ತುತ್ತ, ಇದು ಹಿಂದೆ ಬೌದ್ಧ ಭಿಕ್ಷುಗಳ ಯಾತ್ರಾಮಾರ್ಗವಾಗಿತ್ತೆಂದು ವಿಸ್ತಾರವಾಗಿ ಹೇಳಿದೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅದನ್ನೇ ಬರೆದೂಬಿಟ್ಟೆ. ಹುಡುಗನೊಬ್ಬ ದಾರಿಯಲ್ಲೇ ಕೇಳಿದ್ದ: “ಸಾರ್, ಅದು ಯಾವ ಶಾಸನದಲ್ಲಿದೆ?” ಆಗ ನಕ್ಕು ಮುಂದಕ್ಕೆ ನಡೆದೆ. ಉತ್ತರವನ್ನು ಈಗ ಕೊಡುತ್ತಿದ್ದೇನೆ: ಯಾವ ಶಾಸನದಲ್ಲಿಯೂ ನಾನು ಅದನ್ನು ಕಂಡಿಲ್ಲ.

ನನ್ನ ಆಧಾರವಾಗಿದ್ದದ್ದು ಸಿಂಹಳದ ‘ಮಹಾವಂಸ’. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರ ವನವಾಸ ದೇಶಕ್ಕೆ ಬಂದನೆಂದೂ, ಮುಂದೆ ದುಟ್ಠಗಾಮಣಿ ದೊರೆ ಮಹಾಸ್ತೂಪವನ್ನು ಕಟ್ಟಲು ತೊಡಗಿದಾಗ ವನವಾಸದಿಂದ ಚಂದಗುತ್ತ ಥೇರ 80,000 ಭಿಕ್ಷುಗಳೊಡನೆ ಹೋದನೆಂದೂ ಅದು ಹೇಳುತ್ತದೆ. ವನವಾಸವೆಂದರೆ ನಮ್ಮ ಬನವಾಸಿ. ಬನವಾಸಿಗೆ ಸಮೀಪದಲ್ಲೇ ಚಂದ್ರಗುತ್ತಿ. ಆದ್ದರಿಂದ ಇದು ಚಂದಗುತ್ತನ ಬೆಟ್ಟ! ಹೆಸರಿನ ನಾದಕ್ಕೆ ಮನಸೋತವನಿಗೆ ಇಷ್ಟು ಸಾಕು. ಆದರೆ ಆ ಗ್ರಂಥ ಬೆಟ್ಟದ ಮಾತನ್ನೇ ಎತ್ತುವುದಿಲ್ಲ. ಅದು ರಚಿತವಾದದ್ದೂ ಆ ಘಟನೆಗಳಾಗಿ ಎಷ್ಟೋ ಶತಮಾನಗಳ ಮೇಲೆ. ರಕ್ಖಿತ ಆಕಾಶದಲ್ಲಿ ನಿಂತು ಬೋಧಿಸಿದ, 37,000 ಮಂದಿ ಸಂನ್ಯಾಸ ಪಡೆದರು, 500 ವಿಹಾರಗಳು ಎದ್ದವು ಎನ್ನುವಾಗ ಕವಿ ಧರ್ಮದ ಮಹಿಮೆಯನ್ನು ಹಾಡುತ್ತಿದ್ದಾನೆ, ಲೆಕ್ಕ ಬರೆಯುತ್ತಿಲ್ಲ. ಇತ್ತ ಊರಿನವರು ಬೆಟ್ಟದ ಎತ್ತರಕ್ಕೆ ಚಂದ್ರನೇ ಮರೆಯಾಗುವುದರಿಂದ ಈ ಹೆಸರು ಬಂತೆನ್ನುತ್ತಾರೆ. ಅದೂ ಕಥೆಯೇ. ಆದರೆ ಅದು ಶಾಸ್ತ್ರದ ವೇಷ ಹಾಕಿಕೊಂಡಿಲ್ಲ.

ಇದರ ಪಕ್ಕದಲ್ಲಿ 7ನೆಯ ಶತಮಾನದ ಹ್ಯೂಯೆನ್ ತ್ಸಾಂಗನನ್ನು ಓದಬೇಕು. ಅವನು ಕೊಂಕಣಪುರವೆಂದು ಕರೆದ ನಾಡನ್ನು ಬನವಾಸಿಯೆಂದು ಕೆಲವರು, ಅಲ್ಲವೆಂದು ಕೆಲವರು ವಾದಿಸುತ್ತಾರೆ. ಆ ವಿವಾದ ಹಾಗಿರಲಿ. ಅಲ್ಲಿ ಗಂಧದ ಮರದ ಮೈತ್ರೇಯನ ಮೂರ್ತಿ ಹತ್ತು ಅಡಿ ಎತ್ತರ. ರಾಜಕುಮಾರ ಸಿದ್ಧಾರ್ಥನದೆಂಬ ಕಿರೀಟ ಎರಡಡಿಗಿಂತ ಸ್ವಲ್ಪ ಕಡಿಮೆ. ನಗರದ ಉತ್ತರಕ್ಕಿರುವ ತಾಳೆಯ ತೋಪಿನ ಎಲೆ ಬರೆಯುವುದಕ್ಕೆ ಬಳಕೆಯಾಗುತ್ತದೆ. ಕಿರೀಟ ಬೆಳಕು ಬೀರುವ ಪವಾಡವನ್ನೂ ಅವನು ಬಿಡುವುದಿಲ್ಲ, ಅವನು ಶ್ರದ್ಧಾವಂತ. ಆದರೂ ಓದುಗನ ಕೈಗೆ ಅಳತೆಗೋಲನ್ನು ಕೊಟ್ಟೇ ಪವಾಡದ ಮಾತಿಗೆ ಹೋಗುತ್ತಾನೆ. ಯಾತ್ರಿಕನಿಗೆ ಭಕ್ತಿ ಇರಬಾರದೆಂದು ಯಾರೂ ಹೇಳುವುದಿಲ್ಲ. ಕಂಡದ್ದು ಯಾವುದು, ನಂಬಿದ್ದು ಯಾವುದು ಎಂಬುದು ಬೆರೆತು ಹೋಗಬಾರದು, ಅಷ್ಟೆ.

ಬೌದ್ಧವಿಹಾರವನ್ನು ನಮ್ಮ ನೆಲದಲ್ಲೇ ಕಾಣಬೇಕೆಂಬವರಿಗೆ ಬೆಟ್ಟ ಹತ್ತುವ ಶ್ರಮವಿಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಜಯಂತೀ ಬೌದ್ಧವಿಹಾರವನ್ನು ಕಟ್ಟಿಸಿದ. ಆ ಶಾಸನ 1902ರಲ್ಲಿ ರೈಸರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಅಚ್ಚಾಯಿತು. ತಾರಾ ಭಗವತಿ, ಕೇಶವ, ಲೋಕೇಶ್ವರ, ಬೌದ್ಧದೇವ ಎಂದು ಅದು ದೇವತೆಗಳನ್ನು ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಅವರ ಪೂಜೆಗೂ ವಿಹಾರದವರ ಅನ್ನಕ್ಕೂ ಭೂಮಿಯನ್ನು ಬಿಡುತ್ತದೆ. ಬುದ್ಧನ ಮಗ್ಗುಲಲ್ಲಿ ಕೇಶವ! ಈ ಒಂದು ಸಾಲಿನಲ್ಲಿರುವ ಬೆರಗು ನನ್ನ ಇಡೀ ಪ್ರಬಂಧದಲ್ಲಿರಲಿಲ್ಲ. ನಮ್ಮ ಯಾತ್ರಾಪ್ರಬಂಧಗಳು ಮರೆಯುವ ಗದ್ದೆಯ ಮಾತನ್ನು ಈ ಕಲ್ಲು ಮರೆತಿಲ್ಲ.

ಹಾಗಾದರೆ ನಾನು ಬೆಟ್ಟದ ಮೇಲೆ ಭಿಕ್ಷುವನ್ನು ಏಕೆ ಕೂರಿಸಿದೆ? ಯೋಚಿಸಿದಾಗ ಕಾರಣ ಹೊಳೆಯಿತು, ನಾಚಿಕೆಯೂ ಆಯಿತು. ಚಂದ್ರಗುತ್ತಿಗೆ ನಿಜವಾದ ಯಾತ್ರಾಮಾರ್ಗವೊಂದಿದೆ. ವರದಾ ನದಿಯಲ್ಲಿ ಮಿಂದು, ಹರಕೆ ಹೊತ್ತವರು ಬತ್ತಲೆಯಾಗಿ ಅಮ್ಮನ ಗುಡಿಗೆ ಹೋಗುತ್ತಿದ್ದ ದಾರಿ ಅದು. 1986ರ ಜಾತ್ರೆಯಲ್ಲಿ ಆ ಸೇವೆಯನ್ನು ತಡೆಯಹೋದವರಿಗೂ ಭಕ್ತರಿಗೂ ಘರ್ಷಣೆಯಾಯಿತು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಬಡವರ ಹರಕೆ, ಹೆಣ್ಣಿನ ಮಾನ, ಜಾತಿಯ ಕಟ್ಟು, ಸುಧಾರಕರ ಆಗ್ರಹ, ಎಲ್ಲವೂ ತೊಡರಿಕೊಂಡಿರುವ ಆ ದಾರಿಯನ್ನು ಬರೆಯುವುದು ಕಷ್ಟ. ಕಾವಿಯುಟ್ಟ ಭಿಕ್ಷುವನ್ನು ಅಲ್ಲಿ ನಡೆಯಿಸುವುದು ಸುಲಭ. ಅವನು ಯಾರನ್ನೂ ಏನನ್ನೂ ಕೇಳುವುದಿಲ್ಲ. ನಾನು ಇತಿಹಾಸವನ್ನು ಹುಡುಕಿ ಅವನ ಬಳಿಗೆ ಹೋದವನಲ್ಲ. ಕಣ್ಣೆದುರಿನ ಜನರಿಂದ ತಪ್ಪಿಸಿಕೊಳ್ಳಲು ಹೋದವನು.

ದೂರದ ವಿಹಾರಗಳ ಶಾಂತಿಯನ್ನು ವರ್ಣಿಸುವ ಲೇಖಕರಲ್ಲಿಯೂ ಈ ತಪ್ಪಿಸಿಕೊಳ್ಳುವಿಕೆಯೇ ಹೆಚ್ಚೆಂದು ನನ್ನ ಅನುಮಾನ. ವಾರ್ಷಿಕ ಸಂಚಿಕೆಯ ಆ ಪ್ರಬಂಧವನ್ನು ಯಾರಾದರೂ ಓದಿದ್ದರೆ ಚಂದಗುತ್ತನನ್ನು ಬೆಟ್ಟದಿಂದ ಇಳಿಸಿಬಿಡಬೇಕೆಂದು ಕೋರುತ್ತೇನೆ. ಮುಂದಿನ ಸಲ ಹುಡುಗರನ್ನು ಮೊದಲು ಬಳ್ಳಿಗಾವಿಯ ಶಾಸನದೆದುರು ನಿಲ್ಲಿಸುತ್ತೇನೆ. ಆಮೇಲೆ ಚಂದ್ರಗುತ್ತಿಯ ಮೆಟ್ಟಿಲು ಹತ್ತುವಾಗ ನಾನು ಸುಮ್ಮನಿದ್ದು, ಇಳಿದು ಬರುತ್ತಿರುವವರನ್ನು ಮಾತನಾಡಿಸಲು ಅವರಿಗೆ ಬಿಡುತ್ತೇನೆ.