ಚೇಂಬರಿಗೆ ಅಂಟಿಸುವ ಹೀಟರ್

ಚನ್ನಗಿರಿಯ ತೋಟದವರೊಬ್ಬರು ಕೇಳಿದ್ದಾರೆ: ಅಮೆರಿಕದಲ್ಲಿರುವ ಮಗ ಅಯಸ್ಕಾಂತದ ಹೀಟರ್ ತಂದಿದ್ದಾನೆ, ಟ್ರ್ಯಾಕ್ಟರಿನ ಆಯಿಲ್ ಚೇಂಬರಿಗೆ ಅಂಟಿಸಿ ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದೇಳುತ್ತದಂತೆ, ಹಾಕಲೇ?

ಬೇಡ ಸ್ವಾಮಿ. ಮೊದಲು ಅದರ ಮೈಮೇಲೆ ಬರೆದಿರುವ ವೋಲ್ಟೇಜ್ ನೋಡಿ. 120 ಅಂತಿದ್ದು ನಮ್ಮ 230ಕ್ಕೆ ಸಿಕ್ಕಿಸಿದಿರೋ, 200 ವಾಟಿನ ಹೀಟರು 700ಕ್ಕೂ ಮೇಲೆ ಉರಿಯುತ್ತದೆ. ಅಂಟಿದ ಜಾಗದಲ್ಲಿ ಆಯಿಲ್ ಕರಕಲಾದೀತು, ಇಲ್ಲವೇ ಹೀಟರೇ ಸುಟ್ಟೀತು. ಚೇಂಬರ್ ಅಲ್ಯೂಮಿನಿಯಂ ಆಗಿದ್ದರಂತೂ ಅದು ಅಂಟುವುದೇ ಇಲ್ಲ.

ಸಾಮಾನು ಒಳ್ಳೆಯದೇ. ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿಳಿಯುವ ಮಿನೆಸೋಟದಲ್ಲಿ ಆಯಿಲ್ ಹೆಪ್ಪಾಗುತ್ತದೆ, ಬ್ಯಾಟರಿಯ ಕಸುವು ಅರ್ಧಕ್ಕಿಳಿಯುತ್ತದೆ. ನಮ್ಮ ದೇಶದಲ್ಲಿ ಅದಕ್ಕೆ ಕೆಲಸವಿದ್ದರೆ ಲಡಾಖಿನಲ್ಲಿ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33ರಲ್ಲೂ ಗಟ್ಟಿಯಾಗದ ಡೀಸೆಲ್ ತಂದಿತು. ನ್ಯಾಮತಿಯ ಜನವರಿ ಚಳಿಗೆ ನಮಗೆ ಸ್ವೆಟರ್ ಬೇಕು, 20ಡಬ್ಲ್ಯೂ-40 ಆಯಿಲಿಗೆ ಅದು ಚಳಿಯೇ ಅಲ್ಲ.

ಜಗಳೂರಿನ ಕಡೆ ರಾತ್ರಿ ಟ್ರ್ಯಾಕ್ಟರನ್ನು ಇಳಿಜಾರಿನಲ್ಲೇ ನಿಲ್ಲಿಸುವವರನ್ನು ಕೇಳಿ ನೋಡಿ, ‘ಚಳಿಗೆ ಎತ್ತಲ್ಲ ಸಾರ್’ ಅನ್ನುತ್ತಾರೆ. ಏಪ್ರಿಲ್‌ನಲ್ಲೂ ಅಲ್ಲೇ ನಿಲ್ಲಿಸುತ್ತಾರಲ್ಲ! ಹೋಗಿರುವುದು ಬ್ಯಾಟರಿ, ಇಲ್ಲವೇ ರಿಂಗ್ ಸವೆದು ಕಂಪ್ರೆಷನ್ ಸೋರುತ್ತಿದೆ, ಇಲ್ಲವೇ ಡೀಸೆಲ್ ಪೈಪು ಏರ್ ಹಿಡಿದಿದೆ. ಏರ್ ಕ್ಲೀನರಿಗೆ ಪೆಟ್ರೋಲ್ ಬಟ್ಟೆ ಹಿಡಿಯುವ, ಈಥರ್ ಸ್ಪ್ರೇ ಹೊಡೆಯುವ ಪಂಥದವರ ಜೊತೆ ನನ್ನ ಜಗಳ ಹಳೆಯದು. ಹೊತ್ತಿಗೆ ಮುಂಚೆ ಹೊತ್ತಿಕೊಂಡು ರಿಂಗ್ ಮುರಿಯುತ್ತದೆ. ಹೀಟರ್ ಪ್ಲಗ್ ಇರುವ ಇಂಜಿನ್ ಆದರೆ ಬೆಂಕಿ ಮುಖಕ್ಕೇ ಬಂದೀತು.

ಡೀಸೆಲ್ ಇಂಜಿನ್ನಿಗೆ ಹೀಟರ್ ಅದರ ಹೊಟ್ಟೆಯೊಳಗೇ ಇದೆ. ಗಾಳಿಯನ್ನು ಹದಿನೇಳು ಹದಿನೆಂಟು ಪಟ್ಟು ಅದುಮಿದರೆ ಅದು 500 ಡಿಗ್ರಿ ದಾಟುತ್ತದೆ, ಡೀಸೆಲ್ ತಾನಾಗಿ ಹೊತ್ತುತ್ತದೆ. ಅಷ್ಟು ಅದುಮಲಾರದ ಹಳೆಯ ಜರ್ಮನ್ ಲಾಂಜ್ ಬುಲ್‌ಡಾಗ್ ಟ್ರ್ಯಾಕ್ಟರಿಗೆ ಬ್ಲೋಲ್ಯಾಂಪಿನಿಂದ ಮೂತಿ ಕಾಯಿಸಬೇಕಿತ್ತು. ಆಮೇಲೆ ಸ್ಟಿಯರಿಂಗನ್ನೇ ಕಿತ್ತು ಫ್ಲೈವೀಲಿಗೆ ಸಿಕ್ಕಿಸಿ ತಿರುಗಿಸುವುದು. ಎಂಥ ಚಂದದ ರೂಢಿ!

ಬುಲ್‌ಡಾಗ್ ನಮಗೆಲ್ಲಿ ಸಿಗಬೇಕು. ಹೊನ್ನಾಳಿಯಲ್ಲಿ ಹೊಳೆಗೆ ಇಳಿಸುತ್ತಿದ್ದಂಥ ಹಳೆಯ ಸಿಂಗಲ್ ಸಿಲಿಂಡರ್ ಡೀಸೆಲ್ ಇಂಜಿನ್ ಯಾರ ಕೊಟ್ಟಿಗೆಯಲ್ಲಾದರೂ ಇದ್ದರೆ ಹೊರಗೆ ತೆಗೆಯಿರಿ. ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ, ಫ್ಲೈವೀಲಿಗೆ ವೇಗ ಬಂದ ಮೇಲೆ ಲಿವರ್ ಬಿಡಿ. ಹೆಬ್ಬೆರಳನ್ನು ಮಾತ್ರ ಹ್ಯಾಂಡಲಿಗೆ ಸುತ್ತಬೇಡಿ, ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ. ಇಂಜಿನ್ ತಿರುಗಿ ಒದ್ದರೆ ಮೊದಲು ಹೋಗುವುದು ಅದೇ.