ಆನೆ ಕೊಟ್ಟು ಮನೆ ಕೊಂಡ ಚಾಂಪಿಯನ್

ವಿಶ್ವ ಚಾಂಪಿಯನ್ ಆದವರಲ್ಲಿ ಟಿಗ್ರಾನ್ ಪೆಟ್ರೋಸಿಯಾನ್‌ನಷ್ಟು ಕಮ್ಮಿ ಅಭಿಮಾನಿಗಳನ್ನು ಗಳಿಸಿದವರು ಬೇರೆ ಇರಲಿಕ್ಕಿಲ್ಲ. ತಾಲ್ ಹೆಸರೆತ್ತಿದರೆ ಚೆಸ್ ಪ್ರಿಯರ ಕಣ್ಣು ಅರಳುತ್ತದೆ, ಫಿಶರ್ ಎಂದರೆ ಕತೆಗಳು ಶುರುವಾಗುತ್ತವೆ. ಪೆಟ್ರೋಸಿಯಾನ್ ಎಂದರೆ ಮಾತ್ರ ‘ಓ, ಆ ಡ್ರಾ ಮಾಡಿಕೊಳ್ಳುವವನಾ’ ಎಂಬ ರಾಗ. 1929ರಲ್ಲಿ ತ್ಬಿಲಿಸಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು, 1963ರಿಂದ 1969ರವರೆಗೆ ಪಟ್ಟದಲ್ಲಿ ಕೂತ ಈ ಅರ್ಮೇನಿಯನ್ ಆಟಗಾರನನ್ನು ಪುಕ್ಕಲನೆಂದು ಬದಿಗೆ ಸರಿಸುವುದು ಸುಲಭ. ಆದರೆ ಆತನ ಆಟಗಳನ್ನು ಬೋರ್ಡಿನ ಮೇಲೆ ಇಟ್ಟು ನೋಡಿದರೆ ಕಾಣುವುದು ಭಯವಲ್ಲ, ಎದುರಾಳಿಯ ಆಸೆಯನ್ನು ಅವನಿಗಿಂತ ಮೊದಲೇ ಓದಿಬಿಡುವ ಒಂದು ವಿಚಿತ್ರ ಶಕ್ತಿ. ಆತನ ದೌರ್ಬಲ್ಯವೂ ಅದೇ ಬೇರಿನಿಂದ ಚಿಗುರಿದ್ದು ಎಂಬುದು ನನ್ನ ವಾದ. ಎದುರಿಗೆ ಕೂತವನಿಗೆ ಏನು ಬೇಕು ಎಂಬುದು ಗೊತ್ತಾಗುತ್ತಿರುವವರೆಗೆ ಪೆಟ್ರೋಸಿಯಾನ್‌ನನ್ನು ಅಲುಗಿಸುವುದು ಕಷ್ಟ. ಅದು ಗೊತ್ತಾಗದೆ ಹೋದಾಗ ಆತನೂ ತಡವರಿಸುತ್ತಿದ್ದ.

1953ರ ಜ್ಯೂರಿಚ್ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರೆಶೆವ್‌ಸ್ಕಿ ಜೊತೆ ಆಡಿದ ಆಟವನ್ನು ತೆಗೆದುಕೊಳ್ಳಿ. ಬಿಳಿ ಕಾಯಿ ರೆಶೆವ್‌ಸ್ಕಿಯದು. ನಟ್ಟನಡುವೆ ಡಿ4 ಮತ್ತು ಇ5ರಲ್ಲಿ ಎರಡು ಪದಾತಿಗಳು ಹೊರಡಲು ಸಿದ್ಧವಾಗಿವೆ, ಬೆನ್ನಿಗೆ ಒಂಟೆಗಳೂ ಆನೆಗಳೂ ಇವೆ. ಈ ಪದಾತಿಗಳು ಒಮ್ಮೆ ಮುಂದೆ ನುಗ್ಗಿದರೆ ಕಪ್ಪಿನ ಕತೆ ಮುಗಿಯಿತು. ಆಗ 25ನೇ ನಡೆಯಲ್ಲಿ ಪೆಟ್ರೋಸಿಯಾನ್ ಇ7ರಲ್ಲಿದ್ದ ತನ್ನ ಆನೆಯನ್ನು ಒಂದೇ ಮನೆ ಮುಂದಿಟ್ಟು ಇ6ಕ್ಕೆ ತಂದ. ಅದು ಬಿಳಿ ಒಂಟೆಯ ಬಾಯಿಗೇ ಬೀಳುವ ಜಾಗ. ಚೆಕ್ ಇಲ್ಲ, ದಾಳಿ ಇಲ್ಲ, ಬದಲಿಗೆ ಕೈಗೆ ಬಂದದ್ದೂ ಇಲ್ಲ. ಆದರೆ ಲೆಕ್ಕ ನೋಡಿ: ಆನೆ ಎದ್ದು ಹೋದ ಇ7ಕ್ಕೆ ಕುದುರೆ ಬರುತ್ತದೆ, ಅಲ್ಲಿಂದ ಡಿ5ಕ್ಕೆ ಹಾರುತ್ತದೆ. ಒಂಟೆ ಆನೆಯನ್ನು ಹೊಡೆದರೆ ಎಫ್ ಸಾಲಿನ ಪದಾತಿ ಅದನ್ನು ತಿರುಗಿ ಹೊಡೆದು ಇ6ರಲ್ಲಿ ಗೂಟದಂತೆ ನಿಲ್ಲುತ್ತದೆ, ಕುದುರೆಗೂ ಆಸರೆಯಾಗುತ್ತದೆ. ಆ ಕುದುರೆಯನ್ನು ಎಬ್ಬಿಸಬಲ್ಲ ಪದಾತಿ ಬಿಳಿಯ ಬಳಿ ಇಲ್ಲ, ಎಬ್ಬಿಸಬಹುದಾಗಿದ್ದ ಒಂಟೆ ಆನೆಯ ಜೊತೆಗೇ ಹೋಯಿತು. ನಡೆದದ್ದೂ ಹಾಗೆಯೇ. ರೆಶೆವ್‌ಸ್ಕಿಯ ಪದಾತಿಗಳು ನಿಂತಲ್ಲೇ ನಿಂತವು, ಗಳಿಸಿದ್ದನ್ನು ಆತ ಸ್ವಲ್ಪದರಲ್ಲೇ ವಾಪಸು ಕೊಡಬೇಕಾಯಿತು, 41 ನಡೆಗಳಿಗೆ ಆಟ ಡ್ರಾ. ಆನೆಗೆ ಐದು, ಒಂಟೆಗೂ ಕುದುರೆಗೂ ಮೂರು ಎಂದು ಮಕ್ಕಳಿಗೆ ಕಲಿಸುತ್ತೇವೆ. ಇತರರೂ ಆನೆ ಬಲಿ ಕೊಡುತ್ತಿದ್ದರು, ಆದರೆ ರಾಜನ ಬೇಟೆಗಾಗಿ. ಪೆಟ್ರೋಸಿಯಾನ್ ಆನೆ ತೆತ್ತು ಕೊಂಡದ್ದು ಒಂದು ಮನೆಯನ್ನು. (ಚೌಕಕ್ಕೆ ಮನೆ ಎನ್ನುವ ನಮ್ಮ ಭಾಷೆಯಲ್ಲಿ ಈ ವ್ಯಾಪಾರ ಎಷ್ಟು ಸಹಜವಾಗಿ ಕೇಳಿಸುತ್ತದೆ!)

ಕೊನೆಗೂ ಡ್ರಾ ತಾನೇ, ಇದರಲ್ಲಿ ಏನು ಹೆಚ್ಚುಗಾರಿಕೆ ಎಂದು ಯಾರಾದರೂ ಕೇಳಬಹುದು. ಸೋಲುವ ಆಟವನ್ನು ಉಳಿಸಿಕೊಳ್ಳುವುದು ಸಣ್ಣ ವಿದ್ಯೆಯಲ್ಲ ಎಂಬುದು ಒಂದು ಉತ್ತರ. ಇನ್ನೂ ಗಟ್ಟಿಯಾದ ಉತ್ತರ 1966ರ ಪಟ್ಟದ ಪಂದ್ಯದ ಹತ್ತನೇ ಆಟದಲ್ಲಿದೆ. ರಾಜನ ಮೇಲೆ ನುಗ್ಗಲು ಹಾತೊರೆಯುತ್ತಿದ್ದ ಬೋರಿಸ್ ಸ್ಪಾಸ್ಕಿಗೆ ಪೆಟ್ರೋಸಿಯಾನ್ ಅದೇ ಆಟದಲ್ಲಿ ಒಂದಲ್ಲ, ಎರಡು ಸಲ ಆನೆ ಬಿಟ್ಟುಕೊಟ್ಟ. ಆ ದಾಳಿಗೆ ಬಲ ಕೊಟ್ಟಿದ್ದ ಕಾಯಿಗಳು ಒಂದೊಂದಾಗಿ ಮಾಯವಾದವು. ಕಡೆಯಲ್ಲಿ ರಾಣಿಯನ್ನೇ ಎಚ್8ಕ್ಕೆ ತಳ್ಳಿ ಚೆಕ್ ಕೊಟ್ಟ. ರಾಜ ಹೊಡೆದರೆ ಕುದುರೆ ಎಫ್7ಕ್ಕೆ ಹಾರಿ ರಾಜನನ್ನೂ ರಾಣಿಯನ್ನೂ ಒಟ್ಟಿಗೆ ಹಿಡಿಯುತ್ತದೆ. ಸ್ಪಾಸ್ಕಿ ಅಲ್ಲೇ ಸೋಲೊಪ್ಪಿದ. ಪುಕ್ಕಲನ ಕೈಯಿಂದ ಇಂಥ ನಡೆ ಬರುವುದಿಲ್ಲ. ಪಂದ್ಯ 12.5–11.5ರಲ್ಲಿ ಪೆಟ್ರೋಸಿಯಾನ್‌ನದಾಯಿತು. ಪಟ್ಟದಲ್ಲಿದ್ದವನು ಸವಾಲುಗಾರನನ್ನು ಸೋಲಿಸಿ ಪಟ್ಟ ಉಳಿಸಿಕೊಂಡದ್ದು 1934ರ ಅಲೆಖಿನ್ ನಂತರ ಅದೇ ಮೊದಲು. ಮಧ್ಯದಲ್ಲಿ ಬೊಟ್ವಿನ್ನಿಕ್ ಎರಡು ಸಲ ಪಟ್ಟ ಉಳಿಸಿಕೊಂಡದ್ದು ಪಂದ್ಯ ಸಮಮಾಡಿಕೊಂಡು. ಆ ಬೊಟ್ವಿನ್ನಿಕ್‌ನನ್ನೇ ಪೆಟ್ರೋಸಿಯಾನ್ 1963ರಲ್ಲಿ ಐದು ಗೆಲುವು, ಎರಡು ಸೋಲು, 15 ಡ್ರಾಗಳೊಂದಿಗೆ ಕೆಳಗಿಳಿಸಿದ್ದ.

ಇನ್ನು ಕ್ಯುರಸಾವ್. 1962ರ ಆ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಪೆಟ್ರೋಸಿಯಾನ್ 27 ಆಟಗಳಲ್ಲಿ ಎಂಟು ಗೆದ್ದು, 19 ಡ್ರಾ ಮಾಡಿಕೊಂಡು ಮೊದಲ ಸ್ಥಾನ ಪಡೆದ. ಪೆಟ್ರೋಸಿಯಾನ್, ಗೆಲ್ಲರ್, ಕೆರೆಸ್ ಮೂವರೂ ತಮ್ಮತಮ್ಮೊಳಗಿನ ಹನ್ನೆರಡೂ ಆಟಗಳನ್ನು ಡ್ರಾ ಮಾಡಿಕೊಂಡರು. ಸೋವಿಯತ್ ಆಟಗಾರರು ಒಳಒಪ್ಪಂದ ಮಾಡಿಕೊಂಡಿದ್ದಾರೆಂದು ಫಿಶರ್ ಬಹಿರಂಗವಾಗಿ ದೂರಿದ, ಮುಂದೆ ಕ್ಯಾಂಡಿಡೇಟ್ಸ್ ಟೂರ್ನಿಯೇ ಹೋಗಿ ನೇರ ಪಂದ್ಯಗಳು ಬಂದವು. ಆ ಹನ್ನೆರಡು ಆಟಗಳನ್ನು ಸಮರ್ಥಿಸುವ ಗೋಜಿಗೆ ನಾನು ಹೋಗುವುದಿಲ್ಲ, ಅವುಗಳಲ್ಲಿ ಆಟವೇ ಇಲ್ಲದವೂ ಇವೆ. ಆದರೆ ಅದು ನಡವಳಿಕೆಯ ಪ್ರಶ್ನೆ. ಶೈಲಿಯ ತೀರ್ಪನ್ನು ಅದರ ಮೇಲೆ ಕೊಡಲಾಗದು, ಏಕೆಂದರೆ ಅದೇ ಕೆಲಸ ಮಾಡಿದ ಗೆಲ್ಲರ್ ಕಟ್ಟಾ ದಾಳಿಕೋರ.

ಶೈಲಿಯ ನಿಜವಾದ ಬಿರುಕು ಬೇರೆಡೆ ಇದೆ. 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡೇವಿಡ್ ಬ್ರಾನ್‌ಸ್ಟೈನ್ ವಿರುದ್ಧ ಬಿಳಿ ಕಾಯಿಯಲ್ಲಿ ಆಡುತ್ತಿದ್ದ ಪೆಟ್ರೋಸಿಯಾನ್ ಎದುರಾಳಿಯನ್ನು ಪೂರ್ತಿ ಕಟ್ಟಿಹಾಕಿದ್ದ. ಬ್ರಾನ್‌ಸ್ಟೈನ್‌ಗೆ ಮಾಡಲು ಏನೂ ಉಳಿದಿರಲಿಲ್ಲ. ಕುದುರೆಯನ್ನು ಅತ್ತಿಂದಿತ್ತ ಕುಣಿಸುತ್ತಾ ಕಾಲ ತಳ್ಳುತ್ತಿದ್ದ. ಆ ಕುದುರೆ ಎಫ್5ಕ್ಕೆ ಬಂದು ಡಿ6ರಲ್ಲಿದ್ದ ರಾಣಿಯನ್ನು ಹಿಡಿದಾಗ ಪೆಟ್ರೋಸಿಯಾನ್ ಗಮನಿಸಲೇ ಇಲ್ಲ. ಇನ್ನೆಲ್ಲೋ ತನ್ನ ಕುದುರೆ ನಡೆಸಿದ, ರಾಣಿ ಹೋಯಿತು. ಇದನ್ನು ಬರೀ ಕಣ್ತಪ್ಪು ಎಂದು ಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಎದುರಾಳಿಯ ಉದ್ದೇಶವನ್ನೇ ಆಲಿಸುತ್ತಾ ಆಡುವವನಿಗೆ, ಉದ್ದೇಶವೇ ಇಲ್ಲದ ನಡೆಗಳು ಸಾಲಾಗಿ ಬಂದಾಗ ಕಿವಿ ಜೋಂಪು ಹತ್ತುತ್ತದೆ.

1971ರ ಬ್ಯುನಸ್ ಐರಿಸ್ ಪಂದ್ಯವೂ ಇದನ್ನೇ ಹೇಳುತ್ತದೆ. ಎರಡನೇ ಆಟದಲ್ಲಿ ಫಿಶರ್‌ನ ಸತತ 20 ಗೆಲುವುಗಳ ಓಟಕ್ಕೆ ತಡೆ ಹಾಕಿದವನು ಪೆಟ್ರೋಸಿಯಾನ್. ಐದು ಆಟ ಮುಗಿದಾಗ ಇಬ್ಬರೂ ಸಮ. ಆರನೆಯದು ಫಿಶರ್‌ಗೆ ಹೋಯಿತು. ಏಳನೆಯದರಲ್ಲಿ ಫಿಶರ್‌ನ ಕುದುರೆ ಸಿ5ರಲ್ಲಿ ರಾಜಠೀವಿಯಿಂದ ಕೂತಿತ್ತು. ಕಪ್ಪಿನ ಎಲ್ಲ ಕಾಳಜಿ ಅದರ ಸುತ್ತಲೇ. ಫಿಶರ್ 22ನೇ ನಡೆಯಲ್ಲಿ ಆ ಕುದುರೆಯನ್ನೇ ಕೊಟ್ಟು, ಡಿ7ರಲ್ಲಿ ತೂಕಡಿಸುತ್ತಿದ್ದ ಒಂಟೆಯನ್ನು ಹೊಡೆದ. ಕಾವಲು ಕಾಯುತ್ತಿದ್ದ ವಸ್ತುವೇ ಇಲ್ಲವಾದ ಮೇಲೆ ಕಾವಲುಗಾರ ಏನು ಮಾಡಿಯಾನು? ಆನೆಗಳಿಗೆ ದಾರಿ ತೆರೆಯಿತು, 34ನೇ ನಡೆಗೆ ಆಟ ಮುಗಿಯಿತು. ಪಂದ್ಯ 6.5–2.5.

ನನ್ನ ವಾದಕ್ಕೆ ಒಗ್ಗದ ಆಟವೂ ಇದೆ, ಅದನ್ನು ಮುಚ್ಚಿಡಬಾರದು. 1966ರಲ್ಲಿ, ಸ್ಪಾಸ್ಕಿಯನ್ನು ಸೋಲಿಸಿದ ಕೆಲವೇ ವಾರಗಳಲ್ಲಿ, ಸಾಂಟಾ ಮೋನಿಕಾದಲ್ಲಿ ಬೆಂಟ್ ಲಾರ್ಸೆನ್ ಪೆಟ್ರೋಸಿಯಾನ್‌ನನ್ನು ಎರಡು ಸಲ ಸೋಲಿಸಿದ. ಅದರಲ್ಲಿ ಒಂದು ಸಲ ಜಿ6ರಲ್ಲಿ ರಾಣಿಯನ್ನೇ ಬಲಿಕೊಟ್ಟು. ಲಾರ್ಸೆನ್‌ಗೆ ಬೇಕಾದದ್ದು ಗುಟ್ಟಾಗಿರಲಿಲ್ಲ, ಪೆಟ್ರೋಸಿಯಾನ್ ತಡೆಯಲಾರದೆ ಹೋದ, ಅಷ್ಟೆ. ಇನ್ನು ಒಲಿಂಪಿಯಾಡ್ ಅಂಕಿಗಳನ್ನು ಹಿಡಿದು ಬರುವವರೂ ಇದ್ದಾರೆ: ಹತ್ತು ಒಲಿಂಪಿಯಾಡ್‌ಗಳಲ್ಲಿ 129 ಆಟ, 78 ಗೆಲುವು, 50 ಡ್ರಾ, ಒಂದೇ ಒಂದು ಸೋಲು. ಕಾದು ಕೂರುವವನು ಇಷ್ಟು ಗೆಲ್ಲುವುದು ಹೇಗೆ? ತಂಡದ ಪಂದ್ಯದಲ್ಲಿ ಎದುರಾಳಿ ಹೆಚ್ಚು ಹೊತ್ತು ಸುಮ್ಮನೆ ಕೂರಲಾರ, ಏನಾದರೂ ಮಾಡಲು ಹೊರಡುತ್ತಾನೆ. ಪೆಟ್ರೋಸಿಯಾನ್‌ಗೆ ಬೇಕಾದದ್ದು ಅಷ್ಟೇ. ಸಮಬಲದವರ ದೊಡ್ಡ ಟೂರ್ನಿಗಳಲ್ಲಿ ಪಟ್ಟದಲ್ಲಿದ್ದಾಗಲೂ ಆತ ಮೊದಲಿಗನಾದದ್ದು ಅಪರೂಪ.

ಈ ಭಾನುವಾರ ಬಿಡುವಿದ್ದರೆ ಒಂದು ಕೆಲಸ ಮಾಡಿ. ರೆಶೆವ್‌ಸ್ಕಿ ಜೊತೆಗಿನ ಆ ಆಟವನ್ನು 25ನೇ ನಡೆಯವರೆಗೆ ಆಡಿ, ಕಪ್ಪಿನ ಉತ್ತರವನ್ನು ಕೈಯಿಂದ ಮುಚ್ಚಿ. ಕಪ್ಪು ಏನು ಆಡಬೇಕು ಎಂದು ಹುಡುಕಬೇಡಿ. ಬಿಳಿಗೆ ಏನು ಬೇಕಾಗಿದೆ ಎಂದು ಮೊದಲು ಕೇಳಿಕೊಳ್ಳಿ.